ಕರೆಂಟ್ ಹೋದಾಗಿನ ಊಟ

ಆ ಮಧ್ಯಾಹ್ನ ಕರೆಂಟ್ ಇತ್ತೋ ಇಲ್ಲವೋ, ನನಗೆ ಖಚಿತವಿರಲಿಲ್ಲ. ಬೆಂಗಳೂರಿನಿಂದ ಬಂದ ಬಸ್ಸಿಳಿದು ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ತಿರುಗಿದಾಗ ಮನೆಯ ಮಗ್ಗಗಳು ನಿಂತಿದ್ದವು. ಅಪ್ಪ ಚಾಪೆಯ ಮೇಲೆ ಕೂತು ಅಮ್ಮನ ಜೊತೆ ಉಣ್ಣುತ್ತಿದ್ದ. ಇಷ್ಟು ನನಗೆ ಕಣ್ಣಿಗೆ ಕಟ್ಟಿದಂತಿದೆ. ಬೀದಿಯೆಲ್ಲ ಮೌನವಾಗಿತ್ತು ಎಂದೂ ನೆನಪು ಹೇಳುತ್ತದೆ, ಆದರೆ ಆ ಮೌನ ಬೇರೆ ಯಾವುದೋ ದಿನದ್ದಿರಬಹುದು. ಸಾಕ್ಷಿ ಹೇಳುವವನಿಗೆ ಏನನ್ನು ನಂಬುವ ಆಸೆಯಿದೆ ಎಂದು ಮೊದಲು ವಿಚಾರಿಸಬೇಕು ಅಂತ ನನಗೆ ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಇಲ್ಲಿ ಸಾಕ್ಷಿಯೂ ನಾನೇ, ಆಸೆಯೂ ನನ್ನದೇ.

ಕರೆಂಟ್ ಹೋಗಿದ್ದರೆ ಅದೊಂದು ಮಾಮೂಲಿ ಊಟ. ಹೋಗಿರದಿದ್ದರೆ, ಓಡುವ ಮಗ್ಗವನ್ನು ಅಪ್ಪ ತಾನೇ ನಿಲ್ಲಿಸಿದ್ದ. ನಮ್ಮ ಬೀದಿಯಲ್ಲಿ ಹಾಗೆ ಮಾಡಿದವರನ್ನು ನಾನು ನೋಡಿರಲಿಲ್ಲ.

ಪವರ್‌ಲೂಮ್ ಇರುವ ಮನೆಗಳಲ್ಲಿ ಊಟದ ಹೊತ್ತು ಎಂಬುದೊಂದು ಇರಲಿಲ್ಲ. ಕರೆಂಟ್ ಇರುವಷ್ಟು ಹೊತ್ತು ಮಗ್ಗ ಓಡಬೇಕು, ಮಗ್ಗ ಓಡುವಷ್ಟು ಹೊತ್ತು ಯಾರಾದರೂ ಎಳೆ ಕಡಿಯದಂತೆ ಕಾಯಬೇಕು. ಅಮ್ಮ ತಟ್ಟೆ ತಂದು ಕಿಟಕಿಯ ಮೇಲಿಡುತ್ತಿದ್ದಳು. ಅಪ್ಪ ಎರಡು ಮಗ್ಗಗಳ ನಡುವೆ ನಿಂತೇ ಒಂದು ತುತ್ತು ನುಂಗಿ ಲಾಳಿಯ ಕಡೆ ನೋಡುತ್ತಿದ್ದ. ಅರ್ಧಕ್ಕರ್ಧ ದಿನ ತಟ್ಟೆ ಹಾಗೇ ಆರಿಹೋಗುತ್ತಿತ್ತು. ಆಮೇಲೆ ಮೂಲೆಯ ಹೋಟೆಲಿನಿಂದ ಟೀ, ಬೋಂಡ, ಮತ್ತೆ ಟೀ. ಕರೆಂಟ್ ಹೋದರೆ ಮಾತ್ರ ಬೀದಿಯ ಗದ್ದಲ ಒಮ್ಮೆಲೇ ನಿಂತು, ಪ್ರತಿ ಮನೆಯಿಂದಲೂ ತಟ್ಟೆಯ ಸದ್ದು ಬರುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಪ್ಪನಿಗೆ ಎದೆನೋವು ಶುರುವಾಯಿತು. ನಾನಿದ್ದ ಬೆಂಗಳೂರಿನಲ್ಲಿ ತೋರಿಸಿದೆ. ಡಾಕ್ಟರು ಹೊರದೇಶದಲ್ಲಿ ಓದಿ ಬಂದವರು. ಮಾತ್ರೆ ಬರೆದುಕೊಟ್ಟು ಊಟದ ವಿಷಯ ತೆಗೆದರು.

"ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಇರೋ ಜನಕ್ಕೆ ಹಾರ್ಟ್ ತೊಂದರೆ ಕಮ್ಮಿ ಕಣ್ರೀ. ತರಕಾರಿ, ಸೊಪ್ಪು, ಕಾಳು, ಹಣ್ಣು ಜಾಸ್ತಿ ತಿಂತಾರೆ. ವನಸ್ಪತಿ ತುಪ್ಪ ಇಲ್ಲ, ಆಲಿವ್ ಎಣ್ಣೆ. ಮಾಂಸ, ಸಿಹಿ ಎಲ್ಲಾ ಅಪರೂಪ. ಮನೆಯೋರೆಲ್ಲಾ ಒಟ್ಟಿಗೆ ಕೂತು ನಿಧಾನಕ್ಕೆ ಊಟ ಮಾಡ್ತಾರೆ."

"ಏನ್ ಕೆಲಸ ಮಾಡ್ತಾರೆ ಸಾರ್ ಅವರು?" ಎಂದ ಅಪ್ಪ.

"ತೋಟ, ಹೊಲ, ಮೀನು ಹಿಡಿಯೋದು... ಎಲ್ಲಾ ಥರಾನೂ."

"ಮಗ್ಗ?"

ಡಾಕ್ಟರು ನಕ್ಕರು. ಮೆಟ್ಟಿಲಿಳಿಯುವಾಗ ಅಪ್ಪ ನನ್ನ ಹೆಗಲು ಹಿಡಿದುಕೊಂಡು, "ಮೀನು ಬಲೇಲಿ ಬಿದ್ರೆ ಅಲ್ಲೇ ಇರ್ತದೆ ಕಣೋ. ಕರೆಂಟು ಇರ್ತದಾ?" ಎಂದ.

ನಾನು ಆ ಎಣ್ಣೆ ಹುಡುಕಲು ಹೊರಟೆ. ಆಗ ಅದು ದಿನಸಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ, ಮಕ್ಕಳ ಪೌಡರಿನ ಪಕ್ಕದಲ್ಲಿ, ಸಣ್ಣ ಡಬ್ಬಿಗಳಲ್ಲಿ ಇಟ್ಟಿರುತ್ತಿದ್ದರು. ಒಂದು ಕೊಂಡು ಅಮ್ಮನ ಕೈಗೆ ಕೊಟ್ಟು, "ಅಪ್ಪನ ಎದೆಗೆ ಒಳ್ಳೇದಂತೆ" ಎಂದೆ. ಮಗ್ಗದ ಸದ್ದಿನಲ್ಲಿ ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ. ಮುಂದಿನ ಸಲ ಊರಿಗೆ ಬಂದಾಗ ಡಬ್ಬಿ ಮುಕ್ಕಾಲು ಖಾಲಿಯಾಗಿತ್ತು. ನನಗೆ ಖುಷಿಯಾಯಿತು.

"ಸಾರಿಗೆ ಹಾಕಿದ್ಯಾ, ಪಲ್ಯಕ್ಕಾ?"

"ಸಾರಿಗಾ?" ಅಮ್ಮ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ ನಿನ್ ಓದಿಗಿಷ್ಟು! ಕೂಸಿಗೆ ಹಚ್ಚೋ ಎಣ್ಣೇನ ಯಾರಾದ್ರೂ ಸಾರಿಗೆ ಹಾಕ್ತಾರಾ? ಎದೆಗೆ ಅಂದ್ಯಲ್ಲ, ದಿನಾ ಸ್ನಾನಕ್ಕೆ ಮುಂಚೆ ಎದೆಗೆ ತಿಕ್ತಾ ಇದೀನಿ."

ಅಪ್ಪ ಮಗ್ಗದ ಹಿಂದಿನಿಂದ ಕೂಗಿದ. "ತಿಕ್ಕಲಿ ಬಿಡೋ. ಮೈಯೆಲ್ಲಾ ಮಿರಮಿರ ಅಂತದೆ. ಇನ್ನು ತೊಟ್ಲಿಗೆ ಹಾಕಿ ತೂಗೋದೊಂದು ಬಾಕಿ."

ಎಣ್ಣೆಯ ಮಾತು ಅಲ್ಲಿಗೆ ಬಿಟ್ಟೆ. ಡಾಕ್ಟರು ಹೇಳಿದ್ದನ್ನು ಸಮುದ್ರ ಬಿಟ್ಟು ನೋಡಿದರೆ ಉಳಿದದ್ದು ನಮ್ಮ ಸಂತೆಯಲ್ಲೇ ಇತ್ತು: ಅವರೆಕಾಳು, ಹುರುಳಿ, ಮಸ್ಸೊಪ್ಪಿಗೆ ಬೇಕಾದ ಬೆರಕೆ ಸೊಪ್ಪು, ರಾಗಿ, ಕಡಲೆಕಾಯಿ, ಸೀಬೆಹಣ್ಣು, ದೇವನಹಳ್ಳಿ ಕಡೆಯಿಂದ ಬರುವ ಚಕ್ಕೋತ. ಅಮ್ಮನಿಗೆ ಇದನ್ನು ವಿವರಿಸಿದೆ. "ಇದು ನಿಮ್ಮಜ್ಜಿ ಮಾಡ್ತಿದ್ದ ಅಡಿಗೆ. ಇದನ್ನ ಹೇಳಕ್ಕೆ ಆ ಡಾಕ್ಟ್ರು ಸಮುದ್ರ ದಾಟಿ ಹೋಗ್ಬೇಕಿತ್ತಾ?" ಎಂದಳು. ಆದರೂ ಮಾಡಿದಳು, ಎಣ್ಣೆ ಕಡಿಮೆ ಮಾಡಿ, ಉಪ್ಪು ಕಡಿಮೆ ಮಾಡಿ. ಅಡಿಗೆ ಬದಲಾಯಿತು. ತಟ್ಟೆ ಮಾತ್ರ ಕಿಟಕಿಯ ಮೇಲೆಯೇ ಆರುತ್ತಿತ್ತು. ನಾನು ಸಿಟ್ಟು ಮಾಡಿದಾಗಲೆಲ್ಲ ಅಪ್ಪ, "ಕರೆಂಟ್ ಇದೆ ಕಣೋ" ಎನ್ನುತ್ತಿದ್ದ. ಆ ಮಾತಿಗೆ ನಮ್ಮ ಬೀದಿಯಲ್ಲಿ ಎದುರು ಮಾತಿರಲಿಲ್ಲ.

ಆಮೇಲೆ ಆ ಬೇಸಿಗೆ ಬಂತು. ಬೆಳಿಗ್ಗೆ ಹೋದ ಕರೆಂಟ್ ಸಂಜೆಗೆ ಬರುತ್ತಿತ್ತು. ಬೀದಿಯವರೆಲ್ಲ ಶಾಪ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅಪ್ಪ ದಿನಾ ಮಧ್ಯಾಹ್ನ ಚಾಪೆಯ ಮೇಲೆ ಕೂತು, ಮುದ್ದೆ ಮುರಿದು, ಮಸ್ಸೊಪ್ಪಿನಲ್ಲಿ ಅದ್ದಿ, ನಿಧಾನವಾಗಿ ಉಂಡ. ಉಂಡ ಮೇಲೆ ಕಡಲೆಕಾಯಿ ಸುಲಿಯುತ್ತ ಅಮ್ಮನನ್ನು ರೇಗಿಸಿದ. ಬಿಸಿಲಿಳಿದ ಮೇಲೆ, ಕರೆಂಟ್ ಬರುವ ಮೊದಲು, ಕೆರೆ ಏರಿಯ ಮೇಲೆ ನಡೆದು ಬಂದ. ಎದೆ ಹಿಡಿದುಕೊಳ್ಳುವುದು ನಿಂತಿತು. ಮುಖಕ್ಕೆ ಬಣ್ಣ ಬಂತು. ಡಾಕ್ಟರು ನೋಡಿ, "ನೋಡಿ, ನಾನು ಹೇಳಲಿಲ್ವಾ?" ಎಂದರು.

ನಾನು ಅವರಷ್ಟು ಖಚಿತವಾಗಿರಲಿಲ್ಲ. ಕಾಳು ಸೊಪ್ಪಿನಿಂದ ಸುಧಾರಿಸಿದನೋ, ಮಾತ್ರೆಯಿಂದಲೋ, ಮಗ್ಗ ನಿಂತಿದ್ದರಿಂದಲೋ? ಬೇರೆಬೇರೆ ಮಾಡಿ ನೋಡುವ ದಾರಿಯೇ ಇರಲಿಲ್ಲ. ಈಗ ಡಾಕ್ಟರು ಹೇಳಿದ ಆ ಊಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಹೃದಯದ ರಕ್ತನಾಳಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆಗೆ ಒಳ್ಳೆಯದು, ವಯಸ್ಸಾದಾಗ ಮೈ ಹಗುರವಾಗಿರುತ್ತದೆ. ಇರಬಹುದು, ನಂಬುತ್ತೇನೆ. ಆದರೆ ಓದಿದ ಯಾವುದರಲ್ಲೂ ನಿಂತು ಉಣ್ಣುವವನ ಮಾತಿಲ್ಲ.

ಮಳೆ ಚೆನ್ನಾಗಿಯೇ ಬಂತು. ಕರೆಂಟ್ ಬಂತು. ಬೀದಿ ಮತ್ತೆ ಗಡಗಡ ಎನ್ನತೊಡಗಿತು. ಚಾಪೆ ಸುತ್ತಿಕೊಂಡು ಮೂಲೆಗೆ ಹೋಯಿತು, ತಟ್ಟೆ ಕಿಟಕಿಗೆ ಹೋಯಿತು. ಟೀ ಬೋಂಡ ಮೊದಲಿನಂತೆ. ದಸರಾ ಹೊತ್ತಿಗೆ ಅಪ್ಪ ಲಾಳಿ ಬದಲಿಸುವಾಗ ಒಂದು ಕೈ ಎದೆಯ ಮೇಲಿಟ್ಟುಕೊಂಡೇ ಇರುತ್ತಿದ್ದ. ನಾನು ಹೇಳುವುದನ್ನು ಬಿಟ್ಟಿದ್ದೆ. ಏನು ಹೇಳಿದರೂ ಉತ್ತರ ಗೊತ್ತಿತ್ತು.

ನಾನು ಮೊದಲು ಹೇಳಿದ ಮಧ್ಯಾಹ್ನ ಅದಾದ ಮೇಲಿನದು. ಅಪ್ಪ ಚಾಪೆ ಹಾಸಿಕೊಂಡು ಕೂತಿದ್ದ. ನನ್ನನ್ನು ನೋಡಿ, "ಬಾರೋ, ನಿನ್ ಸಮುದ್ರದ ಊಟಕ್ಕೆ" ಎಂದ. ಅವರೆಕಾಳಿನ ಸಾರಿತ್ತು. ಮೂವರೂ ಉಂಡೆವು. ಕರೆಂಟ್ ಹೋಗಿರಬೇಕು ಅಂದುಕೊಂಡೆ, ಕೇಳಲಿಲ್ಲ. ಆ ವಾರದೊಳಗೆ ಅಪ್ಪ ಮಗ್ಗದ ಪಕ್ಕದಲ್ಲೇ ಕುಸಿದ. ಬೆಂಗಳೂರಿಗೆ ಕರೆದೊಯ್ಯುವಾಗ ಯಲಹಂಕ ದಾಟುವ ಮೊದಲೇ ಹೋಗಿಬಿಟ್ಟ.

ಆ ದಶಕದ ಕೊನೆಗೆ ನಾವು ಮಗ್ಗಗಳನ್ನು ಮಾರಿದೆವು. ಆಗ ಆ ಮಧ್ಯಾಹ್ನ ಕರೆಂಟ್ ಇತ್ತೇ ಎಂದು ಅಮ್ಮನನ್ನು ಕೇಳಿದೆ. "ನಂಗೇನ್ ಗೊತ್ತು? ನಾನು ಹಿತ್ತಲಲ್ಲಿದ್ದೆ. ಬಾ ಊಟಕ್ಕೆ ಅಂತ ಅವರೇ ಕರೆದ್ರು. ಕರೆಂಟ್ ಹೋಗಿರ್ಬೇಕು" ಎಂದಳು. ಅವಳದೂ ಊಹೆಯೇ.

ಪಕ್ಕದ ಮನೆಯ ನೇಕಾರರನ್ನು ನಾನು ಚಿಕ್ಕಪ್ಪ ಎಂದೇ ಕರೆಯುತ್ತಿದ್ದೆ. ಅವರ ಮನೆಗೂ ನಮಗೂ ಒಂದೇ ಗೋಡೆ, ಒಂದೇ ಕರೆಂಟ್ ಲೈನು. ಮಗ್ಗದ ಸದ್ದಿಗೆ ಅವರ ಕಿವಿ ಮಂದವಾಗಿತ್ತು, ಹಾಗಾಗಿ ಕೂಗಿ ಕೇಳಬೇಕಾಯಿತು. ಅವರೂ ಕೂಗಿಯೇ ಹೇಳಿದರು.

"ಕರೆಂಟಾ? ಎಲ್ಲೋಗಿತ್ತು? ನಮ್ಮವು ಓಡ್ತಾನೇ ಇದ್ವು ಕಣಪ್ಪಾ. ನೀನ್ ಬಸ್ಸಿಳಿದು ಬರೋಕ್ ಸ್ವಲ್ಪ ಮುಂಚೆ ನಿಮ್ಮವು ಮಾತ್ರ ನಿಂತೋದ್ವು. ಫ್ಯೂಸ್ ಹೋಗಿರ್ಬೇಕು ಅಂದ್ಕೊಂಡು ಟೆಸ್ಟರ್ ಎತ್ಕೊಂಡ್ ಬಂದೆ. ನೋಡಿದ್ರೆ ಸ್ವಿಚ್ ಆಫ್ ಮಾಡಿ ಗಂಡ ಹೆಂಡ್ತಿ ಹೊಸಾ ಮದ್ವೆಯ ಮದ್ಲಿಂಗರ ಥರ ಊಟಕ್ಕೆ ಕೂತವ್ರೆ! 'ಹುಷಾರಾಗಿದೀಯೇನಣ್ಣಾ?' ಅಂದೆ. 'ಇನ್ಮೇಲಾದ್ರೂ ಕೂತು ಉಣ್ಣಣ ಅಂತ ಕಣೋ' ಅಂದ."

ಒಬ್ಬರ ಮಾತು ಸಾಲದು ಅನ್ನಿಸಿತು. ಅವರು ಇಲ್ಲದಾಗ ಅವರ ಹೆಂಡತಿಯನ್ನೂ ಕೇಳಿದೆ. ಗಂಡ ಟೆಸ್ಟರ್ ಹಿಡಿದು ನಮ್ಮ ಮನೆಗೆ ಹೋದದ್ದು, ಅಷ್ಟು ಹೊತ್ತು ತಮ್ಮ ಮನೆಯ ಓಡುವ ಮಗ್ಗವನ್ನು ತಾವೇ ಕಾದದ್ದು ಅವರಿಗೂ ನೆನಪಿತ್ತು. ಅಪ್ಪ ಏನು ಹೇಳಿದ ಎಂಬುದಕ್ಕೆ ಇನ್ನೊಬ್ಬ ಸಾಕ್ಷಿ ಇಲ್ಲ. ಆದರೆ ಆ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಕರೆಂಟ್ ಇತ್ತು.