ಉಪದೇಶಿಗಳ ಮನೆಯ ನೀರು

ಮೊನ್ನೆ ದೇವರ ಹಿಪ್ಪರಗಿಯ ಸಂತೆಯಲ್ಲಿ ಗಾಣದ ಎಣ್ಣೆ ಮಾರುವವನ ಮುಂದೆ ನಿಂತಿದ್ದೆ. ಅವನು ಕುಸುಬಿ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹಣೆಯ ಮೇಲೆ ಯಾರದೋ ತಣ್ಣನೆಯ ಬೆರಳು ಕೂತಂತಾಯಿತು. ಎಷ್ಟು ಹಾಕಲಿ ಎಂದು ಅವನು ಕೇಳುತ್ತಲೇ ಇದ್ದ. ನಾನು ಏನೂ ಬೇಡವೆಂದು ಕೈಯಾಡಿಸಿ ಬಂದುಬಿಟ್ಟೆ. ಮನೆಯಲ್ಲಿ ಸೊಸೆ, "ಎಣ್ಣಿ ಎಲ್ಲಿ ಮಾವಾರ?" ಎಂದಳು. ಏನು ಹೇಳಲಿ...

ಆ ಬೆರಳು ನಮ್ಮ ಉಪದೇಶಿಗಳದು. ಐವತ್ತರ ದಶಕ ಮುಗಿಯುತ್ತ ಬಂದಾಗ ಅವರು ಧಾರವಾಡದ ಕಡೆಯಿಂದ ನಮ್ಮೂರಿಗೆ ಬಂದರು. ನಮ್ಮೂರು ಸಿಂದಗಿ ರಸ್ತೆಯಿಂದ ಒಳಗೆ, ಜೋಳ ತೊಗರಿ ಬೆಳೆಯುವ ಎರೆಭೂಮಿಯ ನಡುವೆ. ಊರ ಹೊರಗಿನ ನಮ್ಮ ಕೇರಿಗೆ ಕಿರಸ್ತಾನರ ಕೇರಿ ಅನ್ನುತ್ತಿದ್ದರು. ತಂದೆಯ ಕಾಲದಿಂದಲೇ ನಾವು ಪ್ರಾರ್ಥನೆಗೆ ಹೋಗುತ್ತಿದ್ದೆವು. ಪಾದ್ರಿಗಳು ಬರುವುದು ಅಪರೂಪ. ಪ್ರಾರ್ಥನೆ ನಡೆಸಲು, ಮಕ್ಕಳಿಗೆ ಅಕ್ಷರ ಕಲಿಸಲು, ಸತ್ತವರನ್ನು ಮಣ್ಣಿಗೆ ಕೊಡಲು ಉಪದೇಶಿಗಳೇ ಆಗಬೇಕು. ಬಿಳಿ ಧೋತರ, ಮುಚ್ಚುಗೊರಳಿನ ಕೋಟು, ಕರಿ ಕೊಡೆ. ನಡೆದು ಬಂದರೆ ಕೇರಿಯ ನಾಯಿಗಳೂ ಬೊಗಳುತ್ತಿರಲಿಲ್ಲ.

ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಸುಳ್ಳಾಗುತ್ತದೆ. ವಾಂತಿಭೇದಿ ಬಂದ ವರ್ಷ, ಸ್ವಂತ ಅಣ್ಣತಮ್ಮಂದಿರೇ ಹೊಸ್ತಿಲು ದಾಟದ ಮನೆಗಳೊಳಗೆ ಹೋಗಿ ರೋಗಿಗಳ ಹೊಲಸು ಬಳಿದವರು ಅವರು. ನಾನು ಮೂರನೆಯ ಇಯತ್ತೆಗೇ ಸಾಲೆ ಬಿಟ್ಟು ಗೌಂಡಿ ಕೆಲಸಕ್ಕೆ ಬಿದ್ದವನು. ಕಲ್ಲು ಕಟ್ಟುವುದರಲ್ಲಿ ಬಾಗೇವಾಡಿಯ ತನಕ ನನ್ನ ಹೆಸರಿತ್ತು, ಆದರೆ ಓದಲು ಬರುತ್ತಿರಲಿಲ್ಲ. ಅವರು ಸಂಜೆ ನನ್ನನ್ನು ಕರೆದು ಕೂರಿಸಿಕೊಂಡು, "ಗೌಂಡಿ, ಅಷ್ಟು ದೊಡ್ಡ ಕಲ್ಲು ನಿನ್ನ ಮಾತು ಕೇಳ್ತಾವ, ಅಕ್ಷರ ಕೇಳೂದಿಲ್ಲೇನು?" ಎನ್ನುತ್ತಿದ್ದರು. ಇವತ್ತು ನಾನು ಬರೆಯುತ್ತಿರುವ ಈ ಅಕ್ಷರಗಳೂ ಅವರು ಕೊಟ್ಟವೇ.

ಊರ ನಡುವಿನ ಸೇದುವ ಬಾವಿಗೆ ನಮ್ಮ ಕೊಡ ಹೋಗುವಂತಿರಲಿಲ್ಲ. ನಮಗಿದ್ದದ್ದು ಕೇರಿಯ ಹಿಂದಿನ ಪಾವಟಿಗೆಯ ಬಾವಿ. ಮೆಟ್ಟಿಲಿಳಿದು, ನೀರಿನಲ್ಲೇ ನಿಂತು ಕೊಡ ಮುಳುಗಿಸಬೇಕು. ಕಾಲು ತೊಳೆಯುವುದೂ ಅದರಲ್ಲೇ, ಕುಡಿಯುವುದೂ ಅದನ್ನೇ. ಆ ಬಾವಿಯಲ್ಲಿ ಉಪದೇಶಿಗಳು ನಮ್ಮ ಕೇರಿಗೆಲ್ಲ ದೀಕ್ಷಾಸ್ನಾನ ಕೊಟ್ಟರು. ಎದೆಯುದ್ದ ನೀರಲ್ಲಿ ನಿಂತು, ಬೆನ್ನಿಗೆ ಕೈಕೊಟ್ಟು, ಒಬ್ಬೊಬ್ಬರನ್ನೇ ಮುಳುಗಿಸಿ ಎತ್ತಿದರು. ನನ್ನ ಹೆಂಡತಿ ನೀರಿನಿಂದೆದ್ದಾಗ ಮೂಗಿನಲ್ಲಿ ನೀರು ಹೋಗಿ ಕೆಮ್ಮುತ್ತಲೇ ನಗುತ್ತಿದ್ದಳು. ಅವತ್ತಿನಿಂದ ಆ ಬಾವಿ ನಮ್ಮ ಕಣ್ಣಿಗೆ ಬೇರೆಯೇ ಆಯಿತು. ಹೆಂಗಸರು ಮೆಟ್ಟಿಲಿಳಿಯುವ ಮುಂಚೆ ತಲೆಗೆ ಸೆರಗು ಹೊದೆಯತೊಡಗಿದರು. ಗಂಡಸರು ಅದರ ದಂಡೆಯಲ್ಲಿ ಬೀಡಿ ಸೇದುವುದನ್ನು ಬಿಟ್ಟರು.

ಆ ಕಾಲಕ್ಕೆ ನಮ್ಮ ಕಡೆ ನಾರು ಹುಣ್ಣು ಎಂಬುದೊಂದು ರೋಗವಿತ್ತು. ಈಗಿನವರಿಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಕಾಲಿಗೆ ಗುಳ್ಳೆ ಎದ್ದು, ಒಡೆದು, ಬಿಳಿ ದಾರದಂಥ ಹುಳು ತಲೆ ಹೊರಗೆ ಹಾಕುತ್ತಿತ್ತು. ಅದನ್ನು ತೊಗರಿ ಕಡ್ಡಿಗೆ ಸಿಕ್ಕಿಸಿ, ದಿನಾ ಸ್ವಲ್ಪ ಸ್ವಲ್ಪವೇ ಸುತ್ತಿ, ಬಟ್ಟೆ ಕಟ್ಟಿಡಬೇಕು. ಅವಸರ ಮಾಡಿ ಜಗ್ಗಿದರೆ ಒಳಗೇ ಹರಿದು ಕಾಲೆಲ್ಲ ಕೀವಾಗುತ್ತದೆ. ಇದು ನಮ್ಮಲ್ಲಿ ಎಲ್ಲ ಮನೆಯವರಿಗೂ ತಿಳಿದ ಮಾತು.

ಒಂದು ಭಾನುವಾರ ಆರೋಗ್ಯ ಖಾತೆಯವನೊಬ್ಬ ಸೈಕಲ್ ಮೇಲೆ ಬಂದ. ಎಲ್ಲರೂ ಒಂದೇ ಕಡೆ ಸಿಗುತ್ತಾರೆಂದು ಪ್ರಾರ್ಥನೆಯ ಮನೆಗೇ ಬಂದು ಬಾಗಿಲಲ್ಲಿ ನಿಂತು ಹೇಳಿದ.

"ಈ ನಾರು ಬರೂದು ಆ ಬಾವಿ ನೀರಿನಿಂದ. ನೀರಾಗ ಕಣ್ಣಿಗೆ ಕಾಣದಂಥ ಹುಳ ಅದಾವು. ಧೋತರ ಪದರ ಮಾಡಿ ಸೋಸಿ ಕುಡೀರಿ. ಕಾಲಾಗ ನಾರು ಇದ್ದಾವ್ರು ಬಾವ್ಯಾಗ ಇಳೀಬ್ಯಾಡ್ರಿ."

"ಕಣ್ಣಿಗೆ ಕಾಣದ್ದು ಇವನಿಗೆ ಹ್ಯಾಂಗ ಕಂಡೀತು?" ಎಂದಳು ನನ್ನ ತಾಯಿ. "ಚಷ್ಮಾ ಭಾಳ ಚಲೋ ಐತಿ ಕಾಣ್ತೈತಿ."

ಎಲ್ಲರೂ ನಕ್ಕರು. ಅವನೂ ನಕ್ಕ. ಉಪದೇಶಿಗಳು ಅವನಿಗೆ ಚಹಾ ಕೊಟ್ಟು ಮರ್ಯಾದೆಯಿಂದ ಕಳಿಸಿದರು. ಆಮೇಲೆ ಒಳಗೆ ಬಂದು ನಮ್ಮೆದುರು ನಿಂತರು. ಆ ದಿನಗಳಲ್ಲಿ ಕೇರಿಯ ಕೆಲವರು ಜ್ವರ ಬಂದರೆ ಗುಟ್ಟಾಗಿ ತಾಯತ ಕಟ್ಟಿಸಿಕೊಳ್ಳುತ್ತಿದ್ದರು. ಅದು ಉಪದೇಶಿಗಳ ಮನಸ್ಸಿನಲ್ಲಿ ಕುದಿಯುತ್ತಿತ್ತೇನೋ.

"ನೀವು ದೀಕ್ಷಾಸ್ನಾನ ತಗೊಂಡ ನೀರಿಗೆ ಸೋಸೂ ಅರಿವಿ ಹಿಡೀತೀರೇನು? ನಂಬಿದವರಿಗೆ ಆ ನೀರು ಕೇಡು ಮಾಡೂದಿಲ್ಲ. ಇವತ್ತ ಅರಿವಿ ಹಿಡೀತೀರಿ, ನಾಳೆ ತಾಯತ ಕಟ್ಟತೀರಿ, ನಾಡದ ದೇವರನ್ನ ಬಿಡ್ತೀರಿ. ಕಾಯಾವ ಅವನು ಅದಾನ."

ಯಾರೂ ಸೋಸಲಿಲ್ಲ. ಸೋಸುವುದೆಂದರೆ ನಮ್ಮ ದೀಕ್ಷೆಯನ್ನೇ ಅನುಮಾನಿಸಿದಂತೆ ಅನಿಸಿಬಿಟ್ಟಿತ್ತು.

ಮುಂದಿನ ಬೇಸಿಗೆಗೆ ನನ್ನ ಹೆಂಡತಿಯ ಬಲ ಮೊಣಕಾಲಿನ ಪಕ್ಕ ಗುಳ್ಳೆ ಎದ್ದಿತು. ಅವಳು ಬರೀ ಮನೆವಾರ್ತೆಯವಳಲ್ಲ. ಸುಣ್ಣ ಅರೆದು, ತಲೆಯ ಮೇಲೆ ಕಲ್ಲು ಹೊತ್ತು ನನ್ನ ಜೊತೆ ಏಣಿ ಹತ್ತುವವಳು. ಆ ಕಾಲು ಹೋದರೆ ಅವಳ ಅರ್ಧ ಜೀವವೇ ಹೋದ ಹಾಗೆ. ಗುಳ್ಳೆ ಒಡೆದ ಮೇಲೆ ತಾನೇ ತೊಗರಿ ಕಡ್ಡಿ ಹಚ್ಚಿ, ಹಲ್ಲು ಕಚ್ಚಿ, ದಿನಾ ಸುತ್ತುತ್ತಿದ್ದಳು. ಹುಳು ಅರ್ಧಕ್ಕಿಂತ ಹೆಚ್ಚು ಹೊರಗೆ ಬಂದಿತ್ತು. "ಇನ್ನೊಂದು ವಾರ, ಆಮ್ಯಾಲೆ ನಿಮಗಿಂತ ಮೊದಲ ಏಣಿ ಹತ್ತತೇನಿ ನೋಡ್ರಿ" ಎಂದು ನನ್ನನ್ನು ಕೆಣಕುತ್ತಿದ್ದಳು.

ಭಾನುವಾರ ನಾನೂ ತಾಯಿಯೂ ಹಿಡಿದುಕೊಂಡು ಅವಳನ್ನು ಪ್ರಾರ್ಥನೆಗೆ ಕರೆದೊಯ್ದೆವು. ಉಪದೇಶಿಗಳು ನೋಡಿದರು, ಹತ್ತಿರ ಬಂದರು. ಬಟ್ಟಲಿನ ಕುಸುಬಿ ಎಣ್ಣೆಯಲ್ಲಿ ಬೆರಳದ್ದಿ ಅವಳ ಹಣೆಗೆ ಹಚ್ಚಿದರು, ನನ್ನ ಹಣೆಗೂ ಹಚ್ಚಿದರು. ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ಅವರ ಕಣ್ಣಲ್ಲಿ ನೀರಿತ್ತು, ಅದು ನಾಟಕವಲ್ಲ. ಆಮೇಲೆ ಕೆಳಗೆ ಬಗ್ಗಿ ಅವಳ ಕಾಲಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು.

"ತಂಗೀ, ಈ ಕಡ್ಡಿ ಯಾಕ ಬೇಕು? ತೆಗ್ಯಾವ ಅವನು ಅದಾನಲ್ಲ" ಎಂದು ಕಡ್ಡಿಯನ್ನು ಬಿಡಿಸಿ ಪಕ್ಕಕ್ಕೆಸೆದರು. "ಈಗ ನಂಬಿಕೆಯಿಂದ ಎದ್ದು ನಿಂದ್ರು. ನಡಿ."

ನನ್ನ ತಾಯಿ, "ಬ್ಯಾಡ್ರಿ, ಹರೀತೈತ್ರಿ ಅದು" ಅಂದಳು. ಯಾರಿಗೂ ಕೇಳಿಸಲಿಲ್ಲ, ಎಲ್ಲರೂ ಹಾಡಲು ಶುರುಮಾಡಿದ್ದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಆಮೇಲೆ ಅವರ ಮುಖ ನೋಡಿದಳು. ಎದ್ದಳು. ನಡೆದಳು ಕೂಡ, ಗೋಡೆಯ ತನಕ. ಕೇರಿಯೆಲ್ಲ ಸ್ತೋತ್ರ ಸ್ತೋತ್ರ ಎಂದು ಕೂಗಿತು. ಗೋಡೆಗೆ ಕೈಯೂರಿ ನಿಂತವಳ ತುಟಿ ಬಿಳಿಚಿಕೊಂಡದ್ದನ್ನು ನಾನೊಬ್ಬ ನೋಡಿದೆ...

ಹುಳು ಒಳಗೇ ಹರಿದಿತ್ತು. ಮರುದಿನಕ್ಕೆ ಮೊಣಕಾಲು ಕುಂಬಳಕಾಯಿಯಾಯಿತು. ಮೈ ಕೆಂಡ. ಉಪದೇಶಿಗಳು ಬಂದು ನೋಡಿದರು. ಸಿಂದಗಿಯ ದವಾಖಾನೆಗೆ ಒಯ್ಯೋಣವೆಂದು ತಾಯಿ ಹೇಳಿದಳು. ಅವರು ಬೇಡವೆಂದು ತಲೆಯಾಡಿಸಿ, ನನ್ನನ್ನು ಹೊರಗೆ ಕರೆದರು.

"ಮೊದಲ ಕಡ್ಡಿ ಸುತ್ತಿದ್ರಿ, ಆಮ್ಯಾಲೆ ಪ್ರಾರ್ಥನಿಗೆ ಬಂದ್ರಿ. ಎರಡು ಮನಸು ಆತಪ್ಪಾ. ನಿಮ್ಮ ಮನ್ಯಾಗ ನಂಬಿಕಿ ಸಣ್ಣದೈತಿ. ಈಗಲಾದರೂ ಪೂರ್ತಿ ನಂಬ್ರಿ."

ಯಾರ ಮುಂದೆಯೂ ತಲೆ ತಗ್ಗಿಸದ ನಾನು ಅವತ್ತು ತಗ್ಗಿಸಿದೆ. ಅವಳು ನರಳುತ್ತಿರುವುದು ನನ್ನ ಅನುಮಾನದಿಂದಲೇ ಎಂದು ಒಪ್ಪಿಕೊಂಡೆ. ಮರುದಿನ ಮಧ್ಯಾಹ್ನ ಜ್ವರ ಇನ್ನೂ ಏರಿದಾಗ ಅವರ ಮನೆಗೇ ಓಡಿದೆ. ಕಾಲಿಗೆ ಬಿದ್ದು, ದೊಡ್ಡ ನಂಬಿಕೆ ಬರಲು ಏನು ಮಾಡಬೇಕೆಂದು ಕೇಳುವುದು ನನ್ನ ಮನಸ್ಸಿನಲ್ಲಿತ್ತು. ಅವಸರದಲ್ಲಿ ಮುಂಬಾಗಿಲು ಬಿಟ್ಟು ಹಿತ್ತಲಿನಿಂದ ಹೋದೆ.

ಹಿತ್ತಲಲ್ಲಿ ಉಪದೇಶಿಗಳ ಹೆಂಡತಿ ಕುಕ್ಕರಗಾಲಲ್ಲಿ ಕೂತಿದ್ದರು. ತಾಮ್ರದ ಹಂಡೆಯ ಬಾಯಿಗೆ ಬಿಳಿ ಧೋತರವನ್ನು ಪದರ ಮಾಡಿ ಬಿಗಿದು ಕಟ್ಟಿದ್ದರು. ಅದರ ಮೇಲೆ ನಮ್ಮ ಬಾವಿಯ ನೀರು ಕೊಡದಿಂದ ಮೆಲ್ಲಗೆ ಬೀಳುತ್ತಿತ್ತು. ಕೊಡ ಹಿಡಿದು ಬಗ್ಗಿಸಿ ಕೊಡುತ್ತಿದ್ದವರು ಉಪದೇಶಿಗಳೇ. ಪಕ್ಕದಲ್ಲಿ ಒಲೆ ಉರಿಯುತ್ತಿತ್ತು, ಸೋಸಿದ ನೀರು ಇನ್ನೊಂದು ಪಾತ್ರೆಯಲ್ಲಿ ಕುದಿಯುತ್ತಿತ್ತು. ಆ ಧೋತರ ಹೊಸದಲ್ಲ. ಸೋಸಿ ಸೋಸಿ ನಡುವೆ ಎರೆಮಣ್ಣಿನ ಬಣ್ಣ ಹಿಡಿದಿತ್ತು. ಇವತ್ತು ನಿನ್ನೆಯ ಕೆಲಸವಲ್ಲವೆಂದು ಹೇಳಲು ಕಣ್ಣಿದ್ದರೆ ಸಾಕಿತ್ತು.

ನಾನು ನಿಂತೆ. ಅವರು ನನ್ನನ್ನು ನೋಡಿದರು. ಕೊಡ ಕೆಳಗಿಟ್ಟರು.

"ಮನ್ಯಾಗ ಸಣ್ಣ ಕೂಸು ಐತಲ್ಲಪ್ಪಾ..." ಎಂದರು.

"ನಮ್ಮ ಕೇರ್‍ಯಾಗ ಕೂಸು ಇಲ್ಲೇನ್ರಿ?" ಎಂದೆ.

ಅವರ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕಾಲಿಗೆ ಬೀಳಲು ಬಂದವನು ಅಲ್ಲಿಂದಲೇ ತಿರುಗಿ, ಗೌಡರ ಮನೆಗೆ ಹೋಗಿ ಬಂಡಿ ಕೇಳಿ, ಹೆಂಡತಿಯನ್ನು ಹಾಕಿಕೊಂಡು ಸಿಂದಗಿಗೆ ಹೊಡೆದೆ. ದಾರಿಯುದ್ದಕ್ಕೂ ಅವಳು ಜ್ವರದಲ್ಲಿ, "ನಂಬೇನಿ, ನಂಬೇನಿ" ಎಂದು ಗೊಣಗುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನನಗೆ ಎತ್ತುಗಳ ಮೇಲೆ ಸಿಟ್ಟು ಬರುತ್ತಿತ್ತು.

ಡಾಕ್ಟರು ಮೊಣಕಾಲು ಕೊಯ್ದು ಕೀವು ತೆಗೆದರು. ಸೂಜಿ ಚುಚ್ಚಿದರು. ಜೀವ ಉಳಿಯಿತು. ಮೊಣಕಾಲು ಮಾತ್ರ ಮತ್ತೆಂದೂ ಮಡಚಲಿಲ್ಲ. ಒನಕೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಏಣಿ ಹತ್ತುವುದು ಮುಗಿಯಿತು. ನೆಲಕ್ಕೆ ಕೂತು ರೊಟ್ಟಿ ಬಡಿಯುವುದೂ ಮುಗಿಯಿತು. ಅವಳಿಗಾಗಿ ನಿಂತು ಅಡುಗೆ ಮಾಡುವ ಕಲ್ಲಿನ ಒಲೆ ಕಟ್ಟಿಕೊಟ್ಟೆ. ನಮ್ಮ ಕಡೆ ಆಗ ಅಂಥದನ್ನು ಯಾರೂ ನೋಡಿರಲಿಲ್ಲ, ಹೆಂಗಸರು ನೋಡಲು ಬರುತ್ತಿದ್ದರು. "ರಾಣಿ ಅದೇನಿ, ನಿಂತ ರೊಟ್ಟಿ ಮಾಡ್ತೇನಿ" ಎಂದು ಅವಳೇ ನಗೆಯಾಡುತ್ತಿದ್ದಳು.

ಧೋತರದ ಸಂಗತಿಯನ್ನು ಕೇರಿಯಲ್ಲಿ ಹೇಳಿದೆ. ಕೆಲವರು ನಂಬಲಿಲ್ಲ. ನನ್ನ ತಾಯಿ ಮಾತ್ರ ಅವತ್ತೇ ತಂದೆಯ ಹಳೆಯ ಧೋತರ ಹರಿದು ಕೊಡದ ಬಾಯಿಗೆ ಕಟ್ಟಿದಳು. ಹೆಂಡತಿಗೂ ಹೇಳಿದೆ. "ಅವ್ರ ಕೂಸಾದ್ರೂ ಚಲೋ ಇರ್ಲಿ ಬಿಡ್ರಿ" ಎಂದಳು. ನನಗೆ ಬಿಡಲಾಗಲಿಲ್ಲ. ಅವರಿಗೆ ಬೇರೆ ಊರಿಗೆ ವರ್ಗವಾಗಿ ಹೊರಟಾಗ ಕೇರಿಯೆಲ್ಲ ಅಳುತ್ತ ಕಳಿಸಿ ಬಂತು. ನಾನು ಕಲ್ಲು ಒಡೆಯುತ್ತ ಕೂತಿದ್ದೆ.

ಅವರು ಕೆಟ್ಟವರಾಗಿದ್ದರೆ ಬಯ್ದು ಸುಮ್ಮನಾಗುತ್ತಿದ್ದೆ. ಹೊಲಸು ಬಳಿದ ಕೈಯೇ ಕಡ್ಡಿಯನ್ನೂ ಎಸೆದದ್ದು. ನಮಗೆ ಹೇಳಿದ ನಂಬಿಕೆ ತಮಗೇ ಇರಲಿಲ್ಲವೇ? ಇಲ್ಲವೇ ಕಾಯುವವನು ನಮ್ಮನ್ನು ಕಾಯುತ್ತಾನೆ, ತಮ್ಮ ಕೂಸಿಗೆ ಮಾತ್ರ ಧೋತರ ಬೇಕು ಅಂತಲೇ? ದೇವರು ಕೈಬಿಟ್ಟನೋ, ಮನುಷ್ಯ ಕೈಬಿಟ್ಟನೋ, ಇವೆರಡನ್ನೂ ಬಿಡಿಸಿ ನೋಡಲು ನನಗೆ ಇವತ್ತಿಗೂ ಬಂದಿಲ್ಲ.

ವರ್ಷಗಳಾದ ಮೇಲೆ ಒಮ್ಮೆ ಸಿಂದಗಿಯ ಬಸ್‍ಸ್ಟ್ಯಾಂಡಿನಲ್ಲಿ ಸಿಕ್ಕರು. ಬಿಸಿಲು, ಅವರಿಗೆ ವಯಸ್ಸಾಗಿತ್ತು, ಗಂಟಲು ಒಣಗಿ ಮಾತು ಹೊರಡುತ್ತಿರಲಿಲ್ಲ. ನನ್ನ ಹೆಂಡತಿ ಕಾಲೆಳೆಯುತ್ತ ಹೋಗಿ, "ಅಯ್ಯಾರ, ಆರಾಮ ಅದೀರೇನ್ರಿ?" ಎಂದು ನಮ್ಮ ತಂಬಿಗೆಯ ನೀರು ಕೊಟ್ಟಳು. ಅವರು ಅವಳ ಕಾಲು ನೋಡಿದರು. ತಂಬಿಗೆ ನೋಡಿದರು.

"ಸೋಸಿದ್ದೈತ್ರಿ. ಕುಡೀರಿ" ಎಂದೆ ನಾನು.

ಅವರು ಕುಡಿದರು. ಕಣ್ಣೆತ್ತಲಿಲ್ಲ. ಊರಲ್ಲಿ ಬಸ್ಸಿಳಿಯುತ್ತ ಹೆಂಡತಿ, "ನಾ ನೀರ ಕೊಡಾಕ ಹೋದರ ನೀವು ಕಲ್ಲ ಕೊಟ್ರಿ" ಎಂದಳು. ಇರಬಹುದು. ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಅದಾದ ಮೇಲೆ ಹೆಚ್ಚು ದಿನ ಅವರು ಉಳಿಯಲಿಲ್ಲವೆಂದು ಕೇಳಿದೆ...

ಅವಳು ಪ್ರಾರ್ಥನೆ ಬಿಡಲಿಲ್ಲ. "ನಾ ಉಪದೇಶಿಗಳನ್ನ ನಂಬಿರಲಿಲ್ಲ, ದೇವರನ್ನ ನಂಬೇನಿ" ಎನ್ನುತ್ತಿದ್ದಳು. ಆದರೆ ನಮ್ಮಲ್ಲಿ ಪ್ರಾರ್ಥನೆಗೆ ಎಲ್ಲರೂ ಮೊಣಕಾಲೂರುತ್ತಾರೆ. ಅವಳಿಗೆ ಊರಲು ಬರುತ್ತಿರಲಿಲ್ಲ. ಇಡೀ ಸಭೆ ನೆಲಕ್ಕಿಳಿದಾಗ ಅವಳೊಬ್ಬಳೇ ಗೋಡೆ ಹಿಡಿದು ನಿಂತಿರುತ್ತಿದ್ದಳು. ಮೊದಲ ಸಲ ಅದನ್ನು ನೋಡಿದ ದಿನ ನಾನೂ ಎದ್ದು ಹೋಗಿ ಅವಳ ಪಕ್ಕ ನಿಂತೆ. ಭಕ್ತಿಗೆ ಅಲ್ಲ. ಅವಳು ಒಬ್ಬಳೇ ನಿಲ್ಲಬಾರದೆಂದು. ಅವಳು ಇರುವ ತನಕ ಹಾಗೆಯೇ ನಿಂತೆವು.

ಈಗ ಅವಳಿಲ್ಲ. ಭಾನುವಾರ ಮೊಮ್ಮಕ್ಕಳ ಜೊತೆ ಹೋಗುತ್ತೇನೆ. ಎಲ್ಲರೂ ಮೊಣಕಾಲೂರಿದಾಗ ಗೋಡೆಯ ಪಕ್ಕ ಒಬ್ಬನೇ ನಿಂತಿರುತ್ತೇನೆ. ಹೋದ ವಾರ ಹೊಸದಾಗಿ ಬಂದ ಹುಡುಗ ಪಾದ್ರಿ ಮೆಲ್ಲಗೆ ಹತ್ತಿರ ಬಂದ.

"ಮುತ್ಯಾ, ಮೊಣಕಾಲು ನೋಯ್ತಾವೇನ್ರಿ? ಕುರ್ಚಿ ಹಾಕಸ್ಲೇನು?"

"ಬ್ಯಾಡಪ್ಪಾ" ಎಂದೆ. "ನನ್ನ ಮೊಣಕಾಲಿಗೆ ಏನೂ ಆಗಿಲ್ಲ."