ಆರನೇ ವಾರಕ್ಕೆ ಮೊದಲು

ಬೆರಳಕ್ಕನನ್ನು ನಾನು ಮೊದಲು ಕಂಡದ್ದು ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ. ಸೋಮವಾರ, ಬೆಳಗ್ಗೆ ಎಂಟೂ ಮುಕ್ಕಾಲು. ಕಿಟಕಿಯ ಪಕ್ಕ ಕಿರಿದಾದ ಒಂದು ಮೇಜು, ಅದರ ಎರಡು ಬದಿಗೂ ಒಂದೊಂದು ಕುರ್ಚಿ, ಗೋಡೆಯ ಮೇಲೆ ಚರ್ಮ ಸುಲಿದ ಕೈಯ ಚಿತ್ರ. ಫಿಸಿಯೋಥೆರಪಿ ಪದವಿ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನು ನೇಮಕದ ಪತ್ರ ಚಾಚಿದೆ. ಅವರು ಪತ್ರ ಬಿಟ್ಟು ನನ್ನ ಎಡಗೈ ಹಿಡಿದುಕೊಂಡರು. ಅಂಗೈ ತಿರುಗಿಸಿ, ತೋರುಬೆರಳಿನ ಬುಡದಲ್ಲಿದ್ದ ಗಾಯದ ಗುರುತನ್ನು ಒತ್ತಿ ನೋಡಿದರು.

“ಕುಡುಗೋಲಾ?”

“ಹೌದು. ಹುಲ್ಲು ಕೊಯ್ಯುವಾಗ.”

“ಯಾರು ಹೊಲಿದ್ರು?”

“ಯಾರೂ ಇಲ್ಲ. ಅಮ್ಮ ಬಟ್ಟೆ ಕಟ್ಟಿದ್ಲು.”

“ಕೂದಲೆಳೆಯಲ್ಲಿ ತಪ್ಪಿದೆ. ಇನ್ನೊಂಚೂರು ಆಳ ಹೋಗಿದ್ರೆ ಈ ಬೆರಳು ಬರೀ ಲೆಕ್ಕಕ್ಕೆ ಇರ್ತಿತ್ತು. ಕೂತ್ಕೋ.”

ಬೆರಳಕ್ಕ ಎಂಬುದು ರೋಗಿಗಳು ಇಟ್ಟ ಹೆಸರು. ಮೊದಲು ಮಂಡಿ, ಸೊಂಟ ನೋಡಿಕೊಂಡಿದ್ದವರು ನಲವತ್ತು ದಾಟಿದ ಮೇಲೆ ಕೈಯ ಕೆಲಸಕ್ಕೆ ಬಂದಿದ್ದರು. ಕೈ ಚಿಕಿತ್ಸೆಯಲ್ಲಿ ಪ್ರಮಾಣಪತ್ರ ಪಡೆಯಲೇಬೇಕೆಂಬುದು ಅವರ ಹಟ. ಅದಕ್ಕೆ ಪರೀಕ್ಷೆ ಬರೆಯಬೇಕು; ಪರೀಕ್ಷೆಗೆ ಕೂರಲು ಕೈಯ ರೋಗಿಗಳ ಜೊತೆ ನಾಲ್ಕು ಸಾವಿರ ಗಂಟೆ ಕೆಲಸ ಮಾಡಿರಬೇಕು; ಮಾಡಿದ್ದು ನಿಜವೆಂದು ವಿಭಾಗದ ದೊಡ್ಡ ಡಾಕ್ಟರು ಸಹಿ ಹಾಕಬೇಕು. ಗಂಟೆಗಳು ತುಂಬಿದ್ದವು, ಸಹಿಯೊಂದು ಬಾಕಿ. ಅಣ್ಣನ ಮನೆಯಲ್ಲಿದ್ದ ಅವರು ದಿನವೂ ಬೆಳಗಿನ ಐದಕ್ಕೆದ್ದು ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಹರಡುತ್ತಿದ್ದರು.

“ನಮ್ಮತ್ತಿಗೆ ಏನಂತಾರೆ ಗೊತ್ತಾ? ನೀನು ಪರೀಕ್ಷೆ ಹಾಲ್ ಒಳಗೆ ಹೋದ್ರೆ ಮೇಷ್ಟ್ರಮ್ಮ ಬಂದ್ರು ಅಂತ ಮಕ್ಕಳೆಲ್ಲ ಎದ್ದು ನಿಲ್ತಾರೆ ಅಂತೆ.”

ಆ ವರ್ಷವೇ ಒಬ್ಬ ಕ್ಷೌರಿಕ ಬಂದ. ಅಂಗಡಿಯ ಕನ್ನಡಿ ಒಡೆದು, ಬಲಗೈ ಉಂಗುರಬೆರಳನ್ನು ಮಡಚುವ ನರ ತುಂಡಾಗಿತ್ತು. ನರ ಎಂದು ಜನ ಹೇಳುವುದು. ಅದು ಹಗ್ಗದಂಥ ಸ್ನಾಯುರಜ್ಜು. ಅವನು ಕತ್ತರಿಯ ಹಿಡಿಯೊಳಗೆ ತೂರಿಸುತ್ತಿದ್ದದ್ದು ಅದೇ ಬೆರಳು. ದೊಡ್ಡ ಡಾಕ್ಟರು ಅದನ್ನು ಹೊಲಿದಿದ್ದರು. ಬೆರಳಕ್ಕ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆದು ಮಾಡಿ, ಅವನ ಕೈಯ ಅಳತೆಗೆ ಬಾಗಿಸಿ ಸ್ಪ್ಲಿಂಟ್ ಕಟ್ಟಿದರು. ಆರು ವಾರ ಬಿಚ್ಚುವಂತಿಲ್ಲ. ಅದರೊಳಗೇ ಮೆಲ್ಲಗೆ ಬೆರಳಾಡಿಸಬೇಕು.

ಐದನೇ ವಾರಕ್ಕೆ ಅವನ ಬೆರಳು ಅಂಗೈ ಮುಟ್ಟಿತು. ಹೆದರಬೇಕಾದದ್ದು ಅದಕ್ಕೇ. ಅಷ್ಟು ಸಲೀಸಾಗಿ ಮಡಚುವ ಬೆರಳೆಂದರೆ ಸುತ್ತಲಿನ ಮಾಂಸ ಇನ್ನೂ ಹಿಡಿದುಕೊಂಡಿಲ್ಲ, ಹೊಲಿಗೆಯೊಂದೇ ಆಧಾರ. ಬಿಗಿದ ಬೆರಳಿಗಿಂತ ಇಂಥದನ್ನೇ ಹೆಚ್ಚು ಕಾಯಬೇಕು ಎಂದು ನನಗೆ ಕಲಿಸಿದವರು ಬೆರಳಕ್ಕನೇ.

“ಅಂಗಡೀಲಿ ನನ್ನ ಭಾಮೈದನ್ನ ನಿಲ್ಸಿದೀನಿ ಅಕ್ಕಾ,” ಎಂದ ಕ್ಷೌರಿಕ. “ಅವನು ಕತ್ತರಿಸಿದ ತಲೆ ಇಲಿ ಕಡಿದ ಹಾಗಿರುತ್ತೆ. ಗಿರಾಕಿಗಳು ಎದುರಂಗಡಿಗೆ ಹೋಗ್ತಿದಾರೆ. ಇದನ್ನ ಬಿಚ್ಚಿಬಿಡಿ.”

ಅವರು ಮೂರು ಸಲ ಬೆರಳು ಮಡಚಿಸಿ ನೋಡಿದರು. ತಮ್ಮ ಕೈಯಲ್ಲಿ ಅಷ್ಟು ಚೆನ್ನಾಗಿ ವಾಸಿಯಾದ ಬೆರಳು ಅದೇ ಮೊದಲನೆಯದು. ಮುಖದಲ್ಲಿ ಹಿಗ್ಗಿತ್ತು.

“ಹಗಲು ಬಿಚ್ಚಿ, ಮಲಗುವಾಗ ಹಾಕ್ಕೊಳ್ಳಿ. ಕತ್ತರಿ ಮಾತ್ರ ಮುಟ್ಟಬೇಡಿ.”

ನಾನು ಕಡತದಲ್ಲಿ ದಿನ ಎಣಿಸಿದೆ. ಮೂವತ್ತೈದು. ಬಾಯಿ ಬಿಡಲಿಲ್ಲ.

ಮೂರನೇ ದಿನ ಅವನು ತಿರುಗಿ ಬಂದ. “ಕತ್ತರಿ ಮುಟ್ಟಿಲ್ಲ ಅಕ್ಕಾ. ಗಿರಾಕಿ ಕುರ್ಚಿ ಎಳೆದೆ ಅಷ್ಟೇ. ಒಳಗೆ ಟಪ್ ಅಂತು.”

“ಮಡಚಿ.”

ಉಳಿದ ಬೆರಳುಗಳು ಮಡಚಿದವು. ಅದೊಂದು ನೆಟ್ಟಗೆ ನಿಂತಿತ್ತು.

ದೊಡ್ಡ ಡಾಕ್ಟರು ಬಂದು ನೋಡಿ, ಕಡತವನ್ನು ಬೆರಳಕ್ಕನ ಮುಂದೆ ಸರಿಸಿದರು. “ರೋಗಿ ತಾನೇ ಬಿಚ್ಚಿದ ಅಂತ ಬರೀಮ್ಮ. ಮುಂದಿನ ತಿಂಗಳು ನಿನ್ನ ಅರ್ಜಿಗೆ ನಾನು ಸಹಿ ಹಾಕ್ಬೇಕಲ್ಲ.”

“ಹಾಗೇ ಬರ್ಕೊಳ್ಳಿ ಅಕ್ಕಾ,” ಎಂದ ಕ್ಷೌರಿಕ. “ನನಗೇನು ಪರೀಕ್ಷೆ ಇದೆಯಾ?”

ಅವರು ಬರೆದದ್ದು ಎರಡೇ ಸಾಲು: ‘ಐದನೇ ವಾರದಲ್ಲಿ ಬಿಚ್ಚಲು ನಾನೇ ಹೇಳಿದೆ. ಇನ್ನೂ ಒಂದು ವಾರ ಕಾಯಬೇಕಿತ್ತು.’

ಡಾಕ್ಟರು ಓದಿ, ಕಡತ ಮುಚ್ಚಿ ಹೊರಟುಹೋದರು. ಅರ್ಜಿಗೆ ಸಹಿ ಬೀಳಲಿಲ್ಲ. ಕೈಯ ರೋಗಿಗಳನ್ನು ಇನ್ನು ಬೆರಳಕ್ಕ ನೋಡಬಾರದೆಂದು ಆದೇಶ ಬಂತು. ಕೋಣೆ ಖಾಲಿ ಮಾಡುವ ದಿನ ನಾನು ಕೇಳಿದೆ, “ಡಾಕ್ಟರ್ ಹೇಳಿದ ಹಾಗೆ ಬರೆದಿದ್ರೆ ಏನಾಗ್ತಿತ್ತು ಅಕ್ಕ?”

“ಅವನಿಗೆ ಇನ್ನೊಂದು ಆಪರೇಷನ್ ಆಗುತ್ತೆ. ಇವನು ಹೇಳಿದ ಮಾತು ಕೇಳೋನಲ್ಲ ಅಂತ ಕಡತದಲ್ಲಿದ್ರೆ, ಈ ಸಲ ಬೆರಳಾಡ್ಸೋಕೂ ಬಿಡದೆ ಕಟ್ಟಿಹಾಕ್ತಾರೆ. ಆಮೇಲೆ ಬೆರಳು ಕಟ್ಟಿಗೆ ಆಗುತ್ತೆ.” ನನ್ನತ್ತ ತಿರುಗಿದರು. “ನೀನು ಅವತ್ತು ದಿನ ಎಣಿಸಿದ್ದೆ ಅಲ್ವಾ?”

“ಹೂಂ.”

“ಹೇಳ್ಬೇಕಿತ್ತು ಕಣೇ.”

ಎರಡನೇ ಆಪರೇಷನ್ ಆದ ಮೇಲೂ ಬೆರಳು ಅರ್ಧಕ್ಕೆ ನಿಂತಿತು. ಅಂಗಡಿ ಈಗ ಭಾಮೈದನದು. ಕ್ಷೌರಿಕ ಅಲ್ಲಿ ಸರದಿಯ ಚೀಟಿ ಕೊಡುತ್ತಾನೆ. ಆ ಕೋಣೆ ನನಗೆ ಸಿಕ್ಕಿತು. ನಾಲ್ಕು ವರ್ಷದ ನಂತರ ನನ್ನ ಅರ್ಜಿಗೆ ಸಹಿಯೂ ಬಿತ್ತು, ಪ್ರಮಾಣಪತ್ರವೂ ಬಂತು. ಅದನ್ನು ಗೋಡೆಗೆ ಹಾಕಲು ಇನ್ನೂ ಮನಸ್ಸಾಗಿಲ್ಲ.

ಬೆರಳಕ್ಕ ಈಗ ನೆಲಮಹಡಿಯ ವಾರ್ಡಿನಲ್ಲಿದ್ದಾರೆ. ಸೊಂಟದ ಆಪರೇಷನ್ ಆದ ಮುದುಕರನ್ನು ಹಾಸಿಗೆಯಿಂದ ಎಬ್ಬಿಸಿ, ಬಾಗಿಲವರೆಗೆ ನಡೆಸಿ, ಮತ್ತೆ ಕರೆತಂದು ಮಲಗಿಸುತ್ತಾರೆ.