ಮುದ್ದೆ ಫ್ರೀ, ಸಾರಿಗೆ ಬೇರೆ

ನೇಕಾರರ ಮನೆಯಲ್ಲಿ ಹಗಲು ಹೊತ್ತು ಮಗ್ಗದ ಸದ್ದು ಕೇಳದಿದ್ದರೆ ಎರಡೇ ಕಾರಣ. ಯಾರೋ ಸತ್ತಿರಬೇಕು. ಇಲ್ಲವೇ ನೇಯುವವನ ಕೈಗೆ ಮೊಬೈಲ್ ಸಿಕ್ಕಿರಬೇಕು.

ಹೋದ ತಿಂಗಳು ಚಳ್ಳಕೆರೆಯಲ್ಲಿ ಬಸ್ ಹತ್ತಿ ಮೊಳಕಾಲ್ಮೂರಿನ ಮಗಳ ಮನೆಗೆ ಹೋದೆ. ಬಾಗಿಲಲ್ಲೇ ಕಿವಿಗೊಟ್ಟೆ. ಮಗ್ಗದ ಸದ್ದಿಲ್ಲ. ಅಳುವ ಸದ್ದೂ ಇಲ್ಲ. ಹಾಗಾದರೆ ಮೊಬೈಲೇ!

ಅದರ ಮುಂದಿನ ವಾರವೇ ನನ್ನ ಮಗನ ಮಗಳ ಮದುವೆ ಇತ್ತು. ನಾನು ಉಡಬೇಕಾದ ರೇಷ್ಮೆ ಸೀರೆ ಅಳಿಯನ ಮಗ್ಗದ ಮೇಲೆ. ಒಡಲು ಮುಗಿದಿತ್ತು, ಸೆರಗು ಬಾಕಿ. (ಸೆರಗಿಲ್ಲದ ಸೀರೆ ಉಟ್ಟು ಬೀಗರ ಮುಂದೆ ಓಡಾಡಲೇ?) ಅಳಿಯ ರಂಗಸ್ವಾಮಿ ಹೊರಗಿನವನಲ್ಲ, ನನ್ನ ತಮ್ಮನ ಮಗನೇ. ಬೈಯಲು ನನಗೆ ಎರಡು ಕಡೆಯ ಹಕ್ಕು.

"ಸೆರಗು ಎಲ್ಲೋ?"

"ಜರಿ ತಂದಿಲ್ಲತ್ತೆ. ಬೆಳೆ ಒಣಗ್ತಿತ್ತು. ಆ ದುಡ್ಡಲ್ಲಿ ನೀರು ಕೊಂಡ್ಕೊಂಡೆ."

"ನಿಂಗೆ ಹೊಲ ಎಲ್ಲೈತೋ?"

ಮೊಬೈಲ್ ತೋರಿಸಿದ. ಅದರೊಳಗೆ ಹೊಲ, ಟೊಮೆಟೊ, ಕೋಳಿ.

"ಆಟ ಫ್ರೀ ಅತ್ತೆ. ನೀರಿಗೆ ಮಾತ್ರ ವಜ್ರ ಬೇಕು. ವಜ್ರಕ್ಕೆ ಮಾತ್ರ ದುಡ್ಡು."

"ಕೊಡದಿದ್ರೆ?"

"ಆರು ಗಂಟೆ ಕಾಯ್ಬೇಕು. ಇಲ್ಲಾಂದ್ರೆ ಜಾಹೀರಾತು ನೋಡ್ಬೇಕು."

ನಮ್ಮ ಸಂತೆಯಲ್ಲಿ ಶೇಂಗಾ ಅಳೆದು ಹಾಕಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರೆ. ಮೊದಲು ವ್ಯಾಪಾರ, ಆಮೇಲೆ ಕೊಸರು. ಈ ಆಟದವರದು ಉಲ್ಟಾ. ಕೊಸರು ಮೊದಲು ತಿನ್ನಿಸುತ್ತಾರೆ. ಅಲ್ಲಾ, ದುಡ್ಡು ಕೊಟ್ಟರೆ ಆರು ಗಂಟೆ ಉಳಿಸಿಕೊಡುತ್ತಾರಂತಲ್ಲ, ಆ ಆರು ಗಂಟೆಯನ್ನು ಅಲ್ಲಿಟ್ಟವರು ಯಾರು? ನಿಮ್ಮ ಮನೆಗೆ ಬೀಗ ಹಾಕಿ ನಿಮಗೇ ಕೀಲಿಕೈ ಮಾರುವ ಕಸುಬು ಇದು.

ನಾನು ಬೈಯಲಿಲ್ಲ. ಸೀದಾ ಅಡುಗೆಮನೆಗೆ ಹೋದೆ.

ಊಟಕ್ಕೆ ಕೂತ. ತಟ್ಟೆಗೆ ಮುದ್ದೆ ಇಟ್ಟು ಸುಮ್ಮನೆ ನಿಂತೆ.

"ಸಾರು?"

"ಮುದ್ದೆ ಫ್ರೀ ಕಣಪ್ಪ. ಸಾರಿಗೆ ಐವತ್ತು ರೂಪಾಯಿ. ಇಲ್ಲಾಂದ್ರೆ ಆರು ಗಂಟೆ ಕಾಯಿ."

ಮಗಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ದುಡ್ಡಿಲ್ಲತ್ತೆ."

"ಹಂಗಾದ್ರೆ ಜಾಹೀರಾತು ಕೇಳು."

ಮಗಳು ಆ ಮನೆಯಲ್ಲಿ ಏನೇನು ದುಡಿದಿದ್ದಾಳೆ ಎಂದು ಮದುವೆಯಾದ ದಿನದಿಂದ ಶುರು ಮಾಡಿದೆ. ಮುದ್ದೆ ಆರುತ್ತಿತ್ತು. ಎದ್ದು ಹೋಗೋಣವೆಂದರೆ ಹಸಿವು. ಸ್ಕಿಪ್ ಬಟನ್ ಹುಡುಕಿದ ಪಾಪ, ನನ್ನ ಮುಖದಲ್ಲಿ ಇರಲಿಲ್ಲ.

"ಸಂಜೆಗೆ ಜರಿ ತರ್ತೀನಿ, ಸಾರು ಹಾಕು ತಾಯಿ!"

ತಂದ. (ಅವನ ಮುದ್ದಿನ ಹುಂಜ ಆವತ್ತಿನಿಂದ ಕಾಣುತ್ತಿಲ್ಲ. ಮೊಬೈಲಿನ ಕೋಳಿಯನ್ನು ಯಾರು ಕೊಳ್ಳುತ್ತಾರೆ?)

ಮದುವೆಯ ಹಿಂದಿನ ದಿನ ಸೀರೆ ಹಿಡಿದು ನಮ್ಮ ಮನೆಗೆ ಬಂದ. ಮಡಿಕೆ ಬಿಚ್ಚಿ ತೋರಿಸಿದ. ಸೆರಗು ಬೆಳಗುತ್ತಿತ್ತು. ಕೈ ಚಾಚಿದರೆ ಹಿಂದಕ್ಕೆ ಎಳೆದುಕೊಂಡ.

"ಸೀರೆ ಫ್ರೀ ಅತ್ತೆ. ಸೆರಗಿಗೆ ಬೇರೆ."

"ಎಷ್ಟೋ?"

"ದುಡ್ಡು ಬ್ಯಾಡ. ಮದುವೇಲಿ ಕೇಳಿದೋರಿಗೆಲ್ಲ ನನ್ನ ಹೆಸರು ಹೇಳ್ಬೇಕು."

ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಸೆರಗು ಹರವಿ ಹೇಳಿದೆ.

ಆಟ ಆಡಿದವನು ಅವನು, ಜಾಹೀರಾತಾದವಳು ನಾನು. ಇದು ಯಾವ ನ್ಯಾಯ?